ಕ್ಯಾಥರಿನ್‌ಳ ಮಗಳು ಹೊನೋರಾ

ಘೋಡಬಂದರ್ ರಸ್ತೆಯ ಆ ಆಫೀಸಿನ ಹೆಸರೆತ್ತಿದರೆ ಜಯಲತಾ ಅಕ್ಕ ಈಗಲೂ ಮುಖ ಸಿಂಡರಿಸುತ್ತಾರೆ. ಸಂಬಳಕ್ಕೆ ಕೊರತೆಯಿರಲಿಲ್ಲ, ಏಸಿ ಇತ್ತು, ಹೊತ್ತಿಗೆ ಸರಿಯಾಗಿ ಚಹಾ ಬರುತ್ತಿತ್ತು. ಅವರು ಅದನ್ನು ಬಿಟ್ಟದ್ದು ಬರೇ ಹೇಸಿಗೆಯಿಂದ.

ಕಾಪು ಕಡೆಯ ಅಕ್ಕ ಮದುವೆಯಾಗಿ ಡೊಂಬಿವಲಿಗೆ ಬಂದವರು. ಬಣ್ಣದ ಫ್ಯಾಕ್ಟರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದರು. ಅದು ಮುಚ್ಚಿದ ಮೇಲೆ ಗೆಳತಿಯ ಮಗ ವಿಶ್ರುತ ತನ್ನ ಆಫೀಸಿಗೆ ಕರೆದ. ಆಸ್ಟ್ರೇಲಿಯಾ, ಅಮೆರಿಕದಲ್ಲಿ ನೆಲೆಸಿರುವ ಐರಿಷ್ ಮೂಲದವರಿಗೆ ಅವರ ಹಿರಿಯರನ್ನು ಹುಡುಕಿಕೊಡುವುದು ಅವನ ಧಂದೆ. ಐರ್ಲೆಂಡಿನ ಚರ್ಚುಗಳ ಜ್ಞಾನಸ್ನಾನದ ದಾಖಲೆ, ಸಮಾಧಿಕಲ್ಲುಗಳ ಫೋಟೊ, ಎಲ್ಲ ಈಗ ಕಂಪ್ಯೂಟರಿನಲ್ಲೇ ಸಿಗುತ್ತದೆ. ಅವನ್ನು ಓದಿ ವಂಶವೃಕ್ಷ ಮಾಡಬೇಕು. ಪಾದ್ರಿಗಳ ಕೋಳಿ ಕೆದರಿದಂಥ ಅಕ್ಷರ ಅಕ್ಕನಿಗೆ ಬೇಗ ಒಗ್ಗಿತು. ಸತ್ತು ನೂರು ವರ್ಷವಾದವರ ಹೆಸರು ಸಿಕ್ಕಿದ ದಿನ ಲೋಕಲ್ ರೈಲಿನ ನೂಕುನುಗ್ಗಲಲ್ಲೂ ಅವರಿಗೆ ಖುಷಿಯಿರುತ್ತಿತ್ತು.

ಹೀಗಿರುವಾಗ ಐಲೀನ್ ಎಂಬ ಮೆಲ್ಬರ್ನಿನ ಹೆಂಗಸಿನ ಕೆಲಸ ಬಂತು. ತಾಯಿಯ ಎಂಬತ್ತೈದನೆಯ ಹುಟ್ಟುಹಬ್ಬಕ್ಕೆ ವಂಶವೃಕ್ಷವನ್ನು ಫ್ರೇಮ್ ಹಾಕಿಸಿ ಕೊಡಬೇಕಂತೆ. ತಾಯಿಯ ಅಜ್ಜಿ ಹೊನೋರಾ, ಹುಡುಗಿಯಾಗಿದ್ದಾಗ ಹಡಗು ಹತ್ತಿ ಬಂದವಳು. ಅವಳ ಹಿಂದಿನವರು ಯಾರೆಂದು ಗೊತ್ತಿಲ್ಲ.

ಅಕ್ಕ ವಾರಗಟ್ಟಲೆ ಹುಡುಕಿ ಒಂದು ಹಳ್ಳಿಯ ಚರ್ಚಿನ ದಾಖಲೆಯಲ್ಲಿ ಅವಳನ್ನು ಹಿಡಿದರು. ತಾಯಿ ಕ್ಯಾಥರಿನ್, ಕೂಲಿಯವಳು. ತಂದೆಯ ಹೆಸರಿಲ್ಲ. ಪಕ್ಕದಲ್ಲಿ ಪಾದ್ರಿ ಲ್ಯಾಟಿನ್‌ನಲ್ಲಿ 'ಅಕ್ರಮ ಸಂತಾನ' ಎಂದು ಬರೆದಿದ್ದ. ಅದೇ ಊರಿನ ಸ್ಮಶಾನದಲ್ಲಿ ಕ್ಯಾಥರಿನ್‌ಳ ಕಲ್ಲೂ ಸಿಕ್ಕಿತು. ಅದರ ಮೇಲೆ, 'ಮೆಲ್ಬರ್ನಿನಲ್ಲಿರುವ ಮಗಳು ಹೊನೋರಾ ನಿಲ್ಲಿಸಿದ್ದು' ಎಂದು ಕೆತ್ತಿತ್ತು. ಮದುವೆಯಿಲ್ಲದೆ ಹೆತ್ತು ಸಾಕಿದ ತಾಯಿಗೆ ಮಗಳು ಕಡಲಾಚೆಯಿಂದ ದುಡ್ಡು ಕಳಿಸಿ ಕಲ್ಲು ನಿಲ್ಲಿಸಿದ್ದಳು. ಅಕ್ಕನ ಕಣ್ಣು ತುಂಬಿತು.

ವಿಡಿಯೊ ಕಾಲ್‌ನಲ್ಲಿ ಐಲೀನ್ ಕೇಳಿದವಳೇ ಮೂಗು ಮುರಿದಳು. "ಇದು ನಮ್ಮ ಮನೆತನ ಇರಲಿಕ್ಕಿಲ್ಲ. ಇನ್ನೊಮ್ಮೆ ನೋಡಿ," ಎಂದು ಕಾಲ್ ಮುಗಿಸಿದಳು.

ವಿಶ್ರುತ ತಾನೇ ಕೂತು ಪಕ್ಕದೂರಿನ ಇನ್ನೊಬ್ಬ ಹೊನೋರಾಳನ್ನು ತೆಗೆದ. ಅದೇ ಅಡ್ಡಹೆಸರು, ಜಮೀನಿದ್ದ ಅಪ್ಪ, ಮದುವೆಯಾದ ಅಮ್ಮ. "ಇದನ್ನು ಹಾಕಿಬಿಡಿ ಅಕ್ಕ. ಅವಳಿಗೂ ಸಂತೋಷ."

ಅಕ್ಕ ಆ ಮನೆತನದ ಸಮಾಧಿಕಲ್ಲಿನ ಫೋಟೊ ತೆರೆದು ತೋರಿಸಿದರು. "ಇದು ಎಂಟು ತಿಂಗಳಲ್ಲಿ ತೀರಿಹೋದ ಮಗು ಮಾರಾಯ. ಅಪ್ಪ ಅಮ್ಮನ ಹೆಸರಿನ ಕೆಳಗೆ ಕೆತ್ತಿದೆ, ಕಾಣುವುದಿಲ್ಲವಾ? ಸತ್ತ ಶಿಶುವಿಗೆ ಮದುವೆ ಮಾಡಿಸಿ ಮಕ್ಕಳು ಮಾಡಿಸ್ತೀಯಾ?"

"ಆ ಮಗು ಬಂದು ನಮ್ಮ ಮೇಲೆ ಕೇಸ್ ಹಾಕ್ತದಾ?" ಎಂದು ವಿಶ್ರುತ ನಕ್ಕ.

ಅಕ್ಕ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಅವರು ಕೀಬೋರ್ಡ್ ಮುಟ್ಟಲಿಲ್ಲ. ಪಕ್ಕದ ಟೇಬಲಿನವರು ಅದನ್ನು ಮಾಡಿ ಮುಗಿಸಿದರು.

ಐಲೀನ್ ಮೋಸಹೋಗುತ್ತಿದ್ದಾಳೆ ಎಂದುಕೊಂಡು ಅಕ್ಕ ಮನೆಗೆ ಬಂದು ಅವಳಿಗೆ ಮೇಲ್ ಬರೆದರು. ಎರಡೂ ಕಲ್ಲುಗಳ ಫೋಟೊ ಲಗತ್ತಿಸಿದರು. ಮರುದಿನವೇ ಉತ್ತರ ಬಂತು: 'ನನಗೆ ಗೊತ್ತಿದೆ. ನೀವು ಮೊದಲು ಕಂಡುಹಿಡಿದದ್ದೇ ಸರಿ. ಆದರೆ ಸಮಾರಂಭಕ್ಕೆ ನೆಂಟರೆಲ್ಲ ಬರುತ್ತಾರೆ. ಗೋಡೆಗೆ ತೂಗುಹಾಕುವಂಥದ್ದು ಬೇಕು. ದಯವಿಟ್ಟು ಈ ವಿಷಯ ಇಲ್ಲಿಗೇ ಬಿಡಿ.'

ಅಕ್ಕ ಅದನ್ನು ಓದಿ, ಕೈಮೇಲೆ ಹಲ್ಲಿ ಬಿದ್ದವರ ಹಾಗೆ ಫೋನನ್ನು ಸೋಫಾದ ಮೇಲೆ ಎಸೆದರು. ಮಗಳು ಸಂಜನಾ ಗಾಬರಿಯಾಗಿ ಏನೆಂದು ವಿಚಾರಿಸಿದಳು. ಎಲ್ಲ ಕೇಳಿ, "ಛೋಡ್ ನಾ ಅಮ್ಮಾ, ಬಿಟ್ಟುಬಿಡು. ಉನ್‌ಕಾ ಫ್ಯಾಮಿಲಿ ಹೈ, ಅವರಿಷ್ಟ," ಎಂದಳು.

"ಫ್ಯಾಮಿಲಿಯಂತೆ. ನಮ್ಮ ಕಡೆ ಬಳಿ, ಕುಲ ಎಲ್ಲ ಬರುವುದೇ ತಾಯಿಯಿಂದ. ಹೆತ್ತವಳು ಯಾರೆಂದು ಗೊತ್ತಾದ ಮೇಲೆ ಇವರಿಗೆ ಇನ್ನೆಂತ ಬೇಕು? ವಿಶ್ರುತನಾದರೆ ಹೊಟ್ಟೆಪಾಡಿಗೆ ಮಾಡ್ತಾನೆ. ಇವಳು ಸ್ವಂತ ಮುತ್ತಜ್ಜಿಯ ತಾಯಿಯನ್ನು ಗೊತ್ತಿದ್ದೂ ಕಸಕ್ಕೆ ಹಾಕಿದಳಲ್ಲ."

ಆ ದಿನ ಅವರಿಗೆ ಊಟ ಸೇರಲಿಲ್ಲ. ಸೋಮವಾರ ಆಫೀಸಿಗೆ ಹೋಗಿ ಕೆಲಸ ಬಿಟ್ಟರು.

ಈಗ ಅವರು ನೌಪಾಡಾದಲ್ಲಿ ಭಾವ ಭುಜಂಗಣ್ಣನ ಹೋಟೆಲಿನ ಗಲ್ಲೆಯಲ್ಲಿ ಬಿಲ್ಲಿನ ದುಡ್ಡು ತೆಗೆದುಕೊಳ್ಳಲು ಕೂರುತ್ತಾರೆ. ಕಳೆದ ತಿಂಗಳು ವಿಶ್ರುತ ಅಲ್ಲಿಗೇ ಬಂದಿದ್ದ. ಇಡ್ಲಿ ತಿಂದು ಗಲ್ಲೆಗೆ ಒರಗಿ ನಿಂತು ಹೇಳಿದ, "ದೊಡ್ಡ ಆರ್ಡರ್ ಉಂಟು ಅಕ್ಕ. ನಿಮ್ಮ ಹಾಗೆ ಆ ಅಕ್ಷರ ಓದುವವರು ಯಾರೂ ಸಿಗುವುದಿಲ್ಲ. ಹಳೆಯದೆಲ್ಲ ಮರೆತು ಬನ್ನಿ."

"ಓದಿದ್ದನ್ನು ಓದಿದ ಹಾಗೇ ಬರೀಬಹುದಾ?"

ಅವನು ಮೊಬೈಲ್ ನೋಡುತ್ತ, "ಕಸ್ಟಮರ್‌ನ ಮನಸ್ಸೂ ನೋಡಬೇಕಲ್ಲ," ಎಂದ.

ಅಕ್ಕ ಚಿಲ್ಲರೆಯನ್ನು ಅವನ ಕೈಗೆ ಕೊಡದೆ ಗಲ್ಲೆಯ ಮೇಲೆ ಇಟ್ಟರು. "ಹಿಂದೆ ಜನ ನಿಂತಿದ್ದಾರೆ, ಸ್ವಲ್ಪ ಸರಿ," ಎಂದು ಮುಂದಿನವರ ಬಿಲ್ಲಿಗೆ ಕೈ ಚಾಚಿದರು.