ದೇವರ ಮನೆಯಲ್ಲಿದ್ದ ಡಿಸ್ಕ್

ಮಲ್ಲೇಶ್ವರಂನ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಕೆಟ್ಟ ಹಾರ್ಡ್ ಡಿಸ್ಕ್‌ಗಳಿಂದ ಫೋಟೋ, ಹಾಡು ಹೊರತೆಗೆದು ಕೊಡುವುದು ಕೆಲಸ. ನನಗೆ ಬಾಯಿ ಜೋರು, ತಾಳ್ಮೆ ಕಡಿಮೆ. ಗಿರಾಕಿಗಳಿಗೂ ಇದು ಗೊತ್ತು.

ದೀಪಾವಳಿ ಕಳೆದ ಮೇಲೆ ಮಾವಳ್ಳಿಯಿಂದ ಒಬ್ಬ ರಿಟೈರ್ಡ್ ಮೇಷ್ಟ್ರು ಬಂದರು. ಮಡಿವಸ್ತ್ರದಲ್ಲಿ ಸುತ್ತಿದ್ದನ್ನು ಮೇಜಿನ ಮೇಲಿಟ್ಟರು. ಬಿಚ್ಚಿದರೆ ಡಿಸ್ಕಿನ ಪೆಟ್ಟಿಗೆ! ಆಯುಧಪೂಜೆಯ ಅರಿಶಿನ ಕುಂಕುಮ ಮೈತುಂಬ ಇತ್ತು, ವೈರು ಚುಚ್ಚುವ ಕಿಂಡಿಯೊಳಗೂ ಒಣಗಿತ್ತು.

“ಅಯ್ಯೋ ದೇವರೇ, ಅಭಿಷೇಕ ಮಾಡಿದ್ರಾ ಸಾರ್?” ಎಂದೆ.

“ಪ್ರತಿ ವರ್ಷ ಪೂಜೆ ಮಾಡ್ತೀನಿ ಮೇಡಂ. ದೇವರ ಮನೇಲೇ ಇರ್ತಾಳೆ. ಈ ಸಲ ವೈರು ಹಾಕಿದ್ರೆ ಟಿಕ್ ಟಿಕ್ ಅಂತಾಳೆ, ಹಾಡ್ತಾ ಇಲ್ಲ.”

ಇರ್ತಾಳೆ, ಅಂತಾಳೆ ಅನ್ನುವುದನ್ನು ಕೇಳಿ, “ಒಳಗಿರೋದು ಯಾರು ಸಾರ್?” ಎಂದೆ.

ಅದರೊಳಗಿದ್ದದ್ದು ತೀರಿಕೊಂಡ ಹೆಂಡತಿಯ ದನಿ. ಕಾಯಿಲೆ ಬಿದ್ದಾಗ, ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಮೊಮ್ಮಗಳ ಮದುವೆಗೆಂದು ಮನೆತನದ ಹಸೆಹಾಡನ್ನು ಆಕೆ ಹಾಡಿಟ್ಟಿದ್ದರಂತೆ. “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತ ನಾನೇ ರೇಗಿಸಿದ್ದೆ” ಎಂದರು. ಆ ಹಾಡು ಬೇರೆ ಯಾರಿಗೂ ಬಾರದು, ಬೇರೆ ಪ್ರತಿಯೂ ಇಲ್ಲ. ಮದುವೆ ತುಳಸಿ ಹಬ್ಬದ ಮಾರನೆ ದಿನ.

ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಹೊರಗಿನ ಪೆಟ್ಟಿಗೆ ಸತ್ತಿತ್ತು, ಒಳಗಿನ ಡಿಸ್ಕು ಬದುಕಿತ್ತು. ಅದನ್ನು ಬಿಚ್ಚಿ, ಡಿಸ್ಕನ್ನು ನೇರ ನನ್ನ ಕಂಪ್ಯೂಟರಿಗೆ ಚುಚ್ಚಿ, ಮೊದಲಿಂದ ಕೊನೆಯವರೆಗೆ ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿದೆ. ಎರಡು ದಿನ ಹಿಡಿಯಿತು. ನಕಲನ್ನು ತೆರೆಯಲು ಹೋದರೆ ಕಂಪ್ಯೂಟರು ಒಳಗೇನೂ ಕಾಣದೆ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಸಿಟ್ಟು ಬಂತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಮೇಷ್ಟ್ರಿಗೆ ಫೋನ್ ಮಾಡಿ “ಖಾಲಿ ಸಾರ್” ಅಂದೇಬಿಟ್ಟೆ.

“ಖಾಲಿ ಇರಲ್ಲ ಮೇಡಂ. ಇದಾಳೆ. ಸರಿಯಾಗಿ ನೋಡಿ” ಎಂದು ಫೋನಿಟ್ಟರು.

ಮಟಮಟ ಮಧ್ಯಾಹ್ನ, ಬೀದಿಯಲ್ಲಿ ಸದ್ದೇ ಇರಲಿಲ್ಲ. ನಕಲಿನ ಕಚ್ಚಾ ಅಂಕಿಗಳನ್ನು ಪರದೆಯ ಮೇಲೆ ಉರುಳಿಸುತ್ತ ಕೂತೆ. ಪುಟಗಟ್ಟಲೆ ಸೊನ್ನೆ. ಇದ್ದಕ್ಕಿದ್ದಂತೆ ‘ಇ-ಸೊನ್ನೆ ಬಿ-ಎರಡು’, ‘ಇ-ಸೊನ್ನೆ ಬಿ-ಮೂರು’ ಸಾಲುಸಾಲಾಗಿ ಬಂದವು. ಕಂಪ್ಯೂಟರಿನೊಳಗೆ ಕನ್ನಡದ ಅಕ್ಷರಗಳು ಶುರುವಾಗುವುದೇ ಹೀಗೆ. ಅಕ್ಷರಕ್ಕೆ ತಿರುಗಿಸಿ ಓದಿದೆ: “ನಿಧಾನವಾಗಿ ಹಾಡಬೇಕು. ಅವಸರ ಬೇಡ.”

ಮೊಮ್ಮಗಳಿಗೆಂದು ಹಾಡಿನ ಜೊತೆ ಬರೆದಿಟ್ಟ ಟಿಪ್ಪಣಿ ಅದು, ಗೊತ್ತು. ಆದರೂ ಖಾಲಿ ಡಿಸ್ಕಿನೊಳಗಿಂದ ಆಕೆ ನನ್ನನ್ನೇ ಗದರಿದ ಹಾಗಾಯಿತು. ಹೆದರಿದೆ, ಸುಳ್ಳೇಕೆ ಹೇಳಲಿ?

ಆಮೇಲೆ ಹೊಳೆಯಿತು. ಡಿಸ್ಕಿನ ಜಾಗವನ್ನು ಸೆಕ್ಟರ್ ಎಂಬ ತುಂಡುಗಳಲ್ಲಿ ಎಣಿಸುತ್ತಾರೆ. ನನ್ನ ಕಂಪ್ಯೂಟರಿಗೆ ಒಂದು ತುಂಡೆಂದರೆ ಐನೂರ ಹನ್ನೆರಡು ಬೈಟು. ಸತ್ತ ಪೆಟ್ಟಿಗೆ ಅದರ ಎಂಟು ಪಟ್ಟು ದೊಡ್ಡ ತುಂಡಿನಲ್ಲಿ ಎಣಿಸುತ್ತಿತ್ತು. ಫೈಲುಗಳ ಜಾಗ ಇನ್ನೂರೈವತ್ತಾರನೇ ತುಂಡಿನಿಂದ ಶುರು ಎಂದು ಡಿಸ್ಕಿನ ಆರಂಭದಲ್ಲಿ ಬರೆದಿತ್ತು. ಪೆಟ್ಟಿಗೆ ಹೇಳಿದ್ದು ಇನ್ನೂರೈವತ್ತಾರನೇ ಕ್ರಾಸು, ನಾನು ಹೋಗಿ ತಟ್ಟಿದ್ದು ಇನ್ನೂರೈವತ್ತಾರನೇ ಮನೆ! ಎಂಟರಿಂದ ಗುಣಿಸಿ ನೋಡಿದೆ. ಫೈಲುಗಳೆಲ್ಲ ಅಲ್ಲೇ ಇದ್ದವು.

“ಬನ್ನಿ ಸಾರ್” ಎಂದು ಫೋನ್ ಮಾಡಿ, ಅವರು ಬರುವಷ್ಟರಲ್ಲಿ ಎಲ್ಲವನ್ನೂ ಹೊರತೆಗೆದು, ಸರಿಯಿದೆಯೇ ನೋಡೋಣವೆಂದು ಹಾಡು ಹಾಕಿದೆ.

ಮೊದಲು ಒಂದು ಕೆಮ್ಮು, ಆಮೇಲೆ ಹಾಡು. ದನಿ ಕ್ಷೀಣವಾಗಿತ್ತು, ಶ್ರುತಿ ಮಾತ್ರ ಬಿಟ್ಟಿರಲಿಲ್ಲ. ಎರಡನೇ ನುಡಿಯ ನಡುವೆ ಹಾಡು ನಿಂತಿತು.

“ರೀ, ಬಾಗಿಲಲ್ಲಿ ಯಾರೋ ನಿಂತಿದಾರೆ, ನೋಡಿ.”

ತಿರುಗಿದೆ. ನನ್ನ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು, ಒಂದು ಚಪ್ಪಲಿ ಬಿಟ್ಟು, ಇನ್ನೊಂದು ಕಾಲಲ್ಲೇ.

ಸ್ಪೀಕರಿನಲ್ಲಿ ಅವರದೇ ಹಳೆಯ ದನಿ: “ಯಾರೂ ಇಲ್ಲ ಕಣೆ. ನೀನು ಹಾಡು.”

“ಇದಾರೆ ರೀ. ಪಾಪ, ವಯಸ್ಸಾದೋರು ಯಾರೋ.”

ಮೇಷ್ಟ್ರು ಹೊಸ್ತಿಲಲ್ಲೇ ಕುಳಿತರು.

“ನಾನೇ ಕಣೆ” ಅಂದರು. “ಹಾಡು.”

ಹಾಡು ಮುಂದುವರಿಯಿತು.