ಮಸಿ ಬೇಡ ಅಂದವಳು ನಾನು

ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ಹೇಳಿಕೊಟ್ಟು ನನಗೊಂದು ಚಟ ಅಂಟಿಕೊಂಡಿದೆ. ಹೊಸದೇನಾದರೂ ತಿಳಿದರೆ ಮನೆಯವರಿಗೂ ಪಾಠ ಮಾಡದೆ ಇರಲಾರೆ. ಹೋದ ವರ್ಷ ತರಬೇತಿಯಲ್ಲಿ ಎರಡು ದಿನ ನ್ಯಾನೊ ಕಣಗಳ ಬಗ್ಗೆ ಹೇಳಿದರು. ಬೆಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣದು ಮಾಡಿ ಗಾಯದ ಪಟ್ಟಿಗೆ ಹಾಕಿದರೆ ಕ್ರಿಮಿ ಸಾಯುತ್ತವೆ. ಸತುವಿನ ಪುಡಿಯನ್ನು ಅಷ್ಟು ಸಣ್ಣದು ಮಾಡಿದರೆ ಮುಖಕ್ಕೆ ಹಚ್ಚಿದ ಕ್ರೀಮು ಬೆಳ್ಳಗೆ ಕಾಣದೆ ಬಿಸಿಲು ತಡೆಯುತ್ತದೆ. ದೀಪದ ಮಸಿಯ ಕಣವೂ ಅಷ್ಟೇ ಸಣ್ಣದು, ಉಸಿರಿನ ಜೊತೆ ಎದೆಯ ಆಳಕ್ಕೆ ಇಳಿಯುತ್ತದೆ. ಇಷ್ಟು ಕೇಳಿದ್ದೇ ತಡ, ಬಳ್ಳಾರಿಗೆ ಬಂದು ಸತ್ಯನಾರಾಯಣಪೇಟೆಯ ಮನೆಗೆ ಕಾಲಿಟ್ಟವಳೇ ಶುರು ಹಚ್ಚಿಕೊಂಡೆ.

ಮನೆಯಲ್ಲಿ ಬಾಣಂತನಕ್ಕೆ ಬಂದ ಮಗಳು, ಅವಳ ಎರಡು ತಿಂಗಳ ಕೂಸು, ಮತ್ತೆ ನನ್ನ ಅವ್ವ. ಅವ್ವ ಅಡುಗೆಮನೆಯಲ್ಲಿ ಕೂಸಿಗೆ ಕಾಡಿಗೆ ಮಾಡುತ್ತಿದ್ದಳು. ಹರಳೆಣ್ಣೆಯ ದೀಪ, ಅದರ ಮೇಲೆ ಬೋರಲು ಹಾಕಿದ ಹಿತ್ತಾಳೆ ತಟ್ಟೆ. ತಟ್ಟೆಗೆ ಕಟ್ಟಿದ ಮಸಿಯನ್ನು ಕೆರೆದು ಬೆಣ್ಣೆಯಲ್ಲಿ ಕಲಸಿದರೆ ಕಾಡಿಗೆ. ನನಗೂ, ನನ್ನ ಮಗಳಿಗೂ ಅವಳು ಅದನ್ನೇ ಹಚ್ಚಿದ್ದು.

"ಅವ್ವಾ, ಈ ಮಸಿ ಭಾಳ ಸಣ್ಣ ಕಣ. ಸಣ್ಣದಿದ್ದಷ್ಟೂ ಒಳಗ ಇಳೀತೈತಿ, ದೊಡ್ಡದಾದ್ರ ಹೊರಗ ಉಳೀತೈತಿ. ಇದನ್ನ ಕೂಸಿನ ಕಣ್ಣಾಗ ತುಂಬ್ತೀಯೇನು?" ಎಂದು ಜೋರು ಮಾಡಿದೆ.

"ಹಂಗಾರ ಕೂಸಿನ ಕಣ್ಣು ಹಂಗಽ ಬಿಡಾಕ ಆಗತೈತೇನ? ಮಂದಿ ಕಣ್ಣು ಸುಮ್ನ ಬಿಡ್ತದೇನು?" ಅಂದಳು ಅವ್ವ.

ನಾನು ಬಟ್ಟಲು ಕಸಿದುಕೊಂಡು ಬಚ್ಚಲಿಗೆ ಸುರಿದೆ. ಕಣ್ಣಿಗೆ ಏನೂ ಹಚ್ಚಬೇಡ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮಸಿ ಬೇಡ ಅಂದೆ, ಅಷ್ಟೇ. ಅವ್ವ ದೀಪ ಆರಿಸಿ ತಟ್ಟೆ ಎತ್ತಿಟ್ಟಳು. ನನ್ನ ಪಾಠ ತಲೆಗೆ ಹತ್ತಿತಲ್ಲ ಎಂದು ಒಳಗೊಳಗೇ ಬೀಗಿದೆ. ಥೂ ನನ್ನ ಜಾಣತನಕ್ಕೆ!

ಮತ್ತೆ ಕೂಸನ್ನು ಬೆಳಕಿನಲ್ಲಿ ನೋಡಿದ್ದು ಒಂದು ಭಾನುವಾರ. ಅದರ ಹಿಂದಿನ ಭಾನುವಾರವೂ ಸಾಲೆಯ ಕೆಲಸಕ್ಕೆ ಹೋಗಿದ್ದೆ, ಉಳಿದ ದಿನ ಬೆಳಗಾದರೆ ಬಸ್ಸು, ಸಂಜೆಯಾದರೆ ಒಲೆ. ಎಳೆಬಿಸಿಲಿಗೆ ಹಿಡಿದುಕೊಂಡು ಕೂತಿದ್ದೆ, ಕೂಸಿನ ಕಣ್ಣಂಚು ಕಪ್ಪಾಗಿತ್ತು. ಅವ್ವ ಮತ್ತೆ ಮಸಿ ಹಚ್ಚಿದಳಾ ಎಂದು ಸಿಟ್ಟು ಬಂತು. ಬಗ್ಗಿ ನೋಡಿದರೆ ಆ ಕಪ್ಪು ಮಿಣಮಿಣ ಹೊಳೆಯುತ್ತಿತ್ತು. ದೀಪದ ಮಸಿ ಎಂದೂ ಹೊಳೆಯುವುದಿಲ್ಲ.

"ಅವ್ವಾ, ಏನು ಹಚ್ಚೀದಿ ಇದಕ್ಕ?"

"ಮಸಿ ಅಲ್ಲ ಬಿಡು, ಹೌಹಾರಬ್ಯಾಡ. ಸುರ್ಮಾ. ಬ್ರೂಸ್‌ಪೇಟಿಯಾಗ ತಂದೀನಿ. ಕಲ್ಲು ಕುಟ್ಟಿದ ಪುಡಿ, ಬೆರಳಾಗ ತಿಕ್ಕಿದ್ರ ಉಸುಕಿನಂಗ ಹತ್ತತೈತಿ. ದೊಡ್ಡದಾದ್ರ ಹೊರಗ ಉಳೀತೈತಿ ಅಂತ ನೀನಽ ಹೇಳಿದ್ದಿಲ್ಲೇನು? ನಾಕು ಅಂಗಡಿ ತಿರುಗಿ ದಪ್ಪನ್ನ ಪುಡಿ ಹುಡಿಕೀನಿ," ಎಂದು ಸೊಂಟದ ಸಂಚಿಯಿಂದ ಒಂದು ಸೀಸೆ ತೆಗೆದು ಕೊಟ್ಟಳು. ಮುಖದಲ್ಲಿ ಏನು ಹೆಮ್ಮೆ!

ಸೀಸೆ ಹೆಬ್ಬೆರಳಿನಷ್ಟಿತ್ತು, ಆದರೆ ಕೈಗೆ ಭಾರ ಹತ್ತಿತು. ಒಂದು ಚಿಟಿಕೆಯನ್ನು ನೀರಿನ ಬಟ್ಟಲಿಗೆ ಉದುರಿಸಿದೆ. ಮಸಿಯಾಗಿದ್ದರೆ ತೇಲಬೇಕಿತ್ತು. ಇದು ನೆಟ್ಟಗೆ ತಳಕ್ಕಿಳಿಯಿತು. ಕಪ್ಪು, ಹೊಳಪು, ಭಾರ: ಸೀಸದ ಅದಿರಿನ ಗುಣ ಬರೆಯಿರಿ ಎಂದು ಪ್ರತಿವರ್ಷ ಮಕ್ಕಳ ಕೈಲಿ ಬರೆಸುವವಳು ನಾನು. ದಪ್ಪ ಪುಡಿಯಾದರೂ ಸೀಸ ಸೀಸವೇ. ಕೂಸು ಕಣ್ಣು ಉಜ್ಜಿಕೊಳ್ಳುತ್ತದೆ, ಅದೇ ಮುಷ್ಟಿಯನ್ನು ಬಾಯಿಗಿಡುತ್ತದೆ.

ಹಚ್ಚಲು ಶುರು ಮಾಡಿ ಹನ್ನೆರಡು ದಿನವಾಗಿತ್ತು. ಕಣ್ಣು ಒರೆಸಿ, ಕೂಸನ್ನೂ ಸೀಸೆಯನ್ನೂ ಎತ್ತಿಕೊಂಡು ನಾನು, ಮಗಳು ಮಕ್ಕಳ ಡಾಕ್ಟರ ಹತ್ತಿರ ಓಡಿದೆವು. ಸುರ್ಮಾ ಅಜ್ಜಿ ತಂದಿದ್ದು ಎಂದಷ್ಟೇ ಮಗಳಿಗೆ ಗೊತ್ತಿತ್ತು. ಡಾಕ್ಟರು ರಕ್ತ ತೆಗೆದು ಪರೀಕ್ಷೆಗೆ ಹೊರಗಿನ ಊರಿಗೆ ಕಳಿಸಿದರು. "ಸೀಸ ಮಿದುಳಿಗೆ ಕೆಟ್ಟದ್ದು. ಎಷ್ಟು ಸೇರಿದೆ ಅಂತ ತಿಳಿಯೋವರೆಗೆ ನಾನೇನೂ ಹೇಳಲಾರೆ," ಅಂದರು.

ನಾಲ್ಕು ದಿನ. ದೇವರೇ, ಆ ನಾಲ್ಕು ದಿನ ಹಗೆಗೂ ಬೇಡ. ಕೂಸಿನ ಕಿವಿಯ ಹತ್ತಿರ ಚಪ್ಪಾಳೆ ತಟ್ಟುವುದು, ಬೆಚ್ಚಿದರೆ ಉಸಿರು ಬಿಡುವುದು. ನಿದ್ದೆ ಹೆಚ್ಚಾದರೂ ಹೆದರಿಕೆ, ಅತ್ತರೂ ಹೆದರಿಕೆ. ಸಾಲೆಯಲ್ಲಿ ಬೋರ್ಡಿನ ಕಡೆ ತಿರುಗಿದರೆ ಏನು ಬರೆಯಬೇಕೆಂಬುದೇ ಮರೆತುಹೋಗುತ್ತಿತ್ತು. ಅವ್ವ ಕೂಸನ್ನು ಮುಟ್ಟುವುದನ್ನೇ ಬಿಟ್ಟಳು. ಎರೆಯುವ ಹೊತ್ತಿಗೂ ದೂರ ನಿಂತು, "ನೀರು ಭಾಳ ಸುಡಬಾರದು ನೋಡು," ಅನ್ನುವಳು.

ವರದಿ ಬಂತು. ರಕ್ತದಲ್ಲಿ ಸೀಸವಿತ್ತು, ಇರಬಾರದಷ್ಟು. ಬೇಗ ನಿಲ್ಲಿಸಿದ್ದೀರಿ, ಈಗ ಔಷಧಿ ಬೇಡ, ತಿಂಗಳ ಮೇಲೆ ಮತ್ತೆ ನೋಡೋಣ ಎಂದರು ಡಾಕ್ಟರು. ಸುದ್ದಿ ತಿಳಿದು ಮಗಳ ಅತ್ತೆ ಸಿರುಗುಪ್ಪದಿಂದ ಮರುದಿನವೇ ಬಂದರು. ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಟೀಚರ್ ಮನ್ಯಾಗ ಇಂಥಾದ್ದು ಹೆಂಗ ಆತ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಕೈಮುಗಿದಳು. "ತಪ್ಪು ನಂದಽ ಐತ್ರಿ ಯವ್ವಾ. ಓದು ಬರಹ ಇಲ್ಲದಾಕಿ, ತಿಳೀಲಾರ್ದ ಮಾಡೀನಿ. ಆಕಿಗೆ ಏನೂ ಗೊತ್ತಿದ್ದಿಲ್ಲ."

ಬೀಗಿತ್ತಿ ಹೊರಡುವವರೆಗೂ ಅವ್ವನನ್ನೇ ಬೈದರು. ಮುದುಕರ ಕೈಗೆ ಕೂಸು ಕೊಡಬಾರದು ಅಂದರು. ನಾನು ಚಹಾ ಸೋಸಿ ತಂದು ಕೊಟ್ಟೆ. ಮಗಳೂ ಅಂದಿನಿಂದ ಕೂಸನ್ನು ಅಜ್ಜಿಯ ಹತ್ತಿರ ಬಿಡಲಿಲ್ಲ.

ತಿಂಗಳಾಯಿತು. ಎರಡನೆಯ ವರದಿಯಲ್ಲಿ ಸೀಸ ಅರ್ಧಕ್ಕಿಂತ ಕೆಳಗೆ ಇಳಿದಿತ್ತು, ಕೂಸು ಚೆನ್ನಾಗಿದೆ ಅಂದರು ಡಾಕ್ಟರು. ಮನೆಗೆ ಬಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ. ಅವ್ವ ಬಾಗಿಲ ಹತ್ತಿರ ಇದ್ದಳು, ಒಳಗೆ ಬರಲೋ ಬೇಡವೋ ಎನ್ನುವ ಹಾಗೆ. ಇನ್ನು ತಡೆಯಲಾಗಲಿಲ್ಲ. ಮಗಳಿಗೆ ಎಲ್ಲ ಹೇಳಿದೆ. ಕಾಡಿಗೆ ಚೆಲ್ಲಿದ್ದು, ದೊಡ್ಡದಾದರೆ ಹೊರಗೆ ಉಳಿಯುತ್ತದೆ ಅಂದದ್ದು, ಅಜ್ಜಿ ಆ ಮಾತು ನಂಬಿ ಅಂಗಡಿ ತಿರುಗಿದ್ದು, ಸಿರುಗುಪ್ಪದವರ ಮುಂದೆ ನಾನು ಸುಮ್ಮನಿದ್ದದ್ದು.

ಮಗಳು ಎದ್ದು ಬಂದು, ನನ್ನ ತೊಡೆಯ ಮೇಲಿದ್ದ ಕೂಸನ್ನು ಎತ್ತಿಕೊಂಡು ಹೋಗಿ ಅಜ್ಜಿಯ ಕೈಗೆ ಕೊಟ್ಟಳು.