ಎಡಹುಬ್ಬಿನ ಅಮೀನ

ಚಾಚಾರ ಎರಡು ಹುಬ್ಬುಗಳು ಎರಡು ಬೇರೆ ಮನೆತನದವು. ಎಡಹುಬ್ಬೊಂದೇ ಸರ್ರನೆ ಹಣೆಗೇರಿ ನಿಂತರೆ ಅದು ಪೊಲೀಸ್ ಠಾಣೆಯ ಅಮೀನಸಾಹೇಬ. ಬಲಹುಬ್ಬು ಕಣ್ಣಿನ ಮೇಲೆ ಜೋತುಬಿದ್ದರೆ ಅದು ಫಿರ್ಯಾದು ತಂದ ರೈತ. ಒಂದೇ ಮುಖದಲ್ಲಿ ಇಬ್ಬರೂ ಉರ್ದುವಿನಲ್ಲಿ ಮಾತಾಡುತ್ತಿದ್ದರು. “ಹುಜೂರ್, ನನ್ನ ಎಮ್ಮೆ ಕಳೆದುಹೋಗಿದೆ” ಎಂದು ಬಲಹುಬ್ಬು ಅಳುತ್ತಿತ್ತು. “ಯಾರ ಇಜಾಜತ್, ಯಾರ ಅಪ್ಪಣೆ ತಗೊಂಡು ಕಳೆದುಹೋಯಿತು?” ಎಂದು ಎಡಹುಬ್ಬು ಗದರುತ್ತಿತ್ತು. ಅಷ್ಟಕ್ಕೇ ನಮ್ಮ ಶಹಾಪುರದ ಜನ ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದರು.

ಚಾಚಾ ನಮ್ಮ ಪಕ್ಕದ ಮನೆಯವರು. ಹಗಲು ಸಾಹೇಬರ ಶೇರ್ವಾನಿ ಹೊಲಿಯುವ ದರ್ಜಿ. ಮದುವೆ, ಉರುಸು ಬಂತೆಂದರೆ ಜನರನ್ನು ನಗಿಸುವ ಕಲಾವಿದ. ಭುಜದ ಅಳತೆ ತೆಗೆಯುವಾಗಲೇ ಸಾಹೇಬರ ಗತ್ತನ್ನೂ ಕದ್ದು ತರುತ್ತಿದ್ದರು. ಸುರಪುರ, ಯಾದಗಿರಿಯಿಂದ ಜನ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ನಿಜಾಮರ ಅಮಲಿನಲ್ಲಿ ಅಮೀನನನ್ನು ಅಣಕಿಸುವುದು ಹುಡುಗಾಟವೇ? ಒಮ್ಮೆ ಆ ಪುಣ್ಯಾತ್ಮ ಇವರನ್ನು ಠಾಣೆಗೆ ಎಳೆಸಿಕೊಂಡು ಹೋಗಿ ಬೆತ್ತದ ರುಚಿ ತೋರಿಸಿದ. ಚಾಚಾ ಕುಂಟುತ್ತ ಬಂದರು, ಮುಂದಿನ ಮದುವೆಯಲ್ಲಿ ಆ ಕುಂಟನ್ನೂ ಆಟಕ್ಕೆ ಸೇರಿಸಿಬಿಟ್ಟರು.

ನಮ್ಮ ಓಣಿಯಲ್ಲೊಂದು ರೂಢಿಯಿತ್ತು. ಗಂಡನ ಮನೆಗೆ ಹೊರಟ ಮಗಳು ಹೊಸ್ತಿಲನ್ನು ನಕ್ಕು ದಾಟಬೇಕು. ನಗಿಸಲು ಚಾಚಾ ಬರಬೇಕು. ಲಿಂಗಾಯತರ ಮನೆಯಾದರೂ ಸರಿ, ಮುಸಲ್ಮಾನರದಾದರೂ ಸರಿ. ನಮ್ಮಕ್ಕ ಅತ್ತು ಅತ್ತು ಮುಖ ಊದಿಸಿಕೊಂಡವಳು ಆ ಎಮ್ಮೆಯ ಮಾತಿಗೆ ಕಿಸಕ್ಕನೆ ನಕ್ಕು ಗಾಡಿ ಹತ್ತಿದಳು. ನಾನು ಮೂತಿ ಸೊಟ್ಟ ಮಾಡಿ, “ನನ್ನ ಮದುವಿಗಿ ಈ ಹಳೇ ಎಮ್ಮಿ ಬ್ಯಾಡ್ರಿ ಚಾಚಾ” ಅಂದೆ.

“ನಿನ್ನ ಪಾಳಿ ಬರ್ಲಿ ಬೇಟಿ, ಹೊಸಾದು ಮಾಡ್ತೀನಿ. ನಗಸದ ಕಳಸಂಗಿಲ್ಲ” ಎಂದು ಮಾತು ಕೊಟ್ಟರು.

ಆಮೇಲೆ ನಿಜಾಮರ ರಾಜ್ಯ ಮುಗಿದು ನಮ್ಮ ಸೀಮೆ ಭಾರತಕ್ಕೆ ಸೇರಿತು. ಅಪ್ಪ ಅಂಗಡಿಯ ಮುಂದೆ ನಿಂತು ಸಕ್ಕರೆ ಹಂಚಿದ. ಅದೇ ಗಲಭೆಯ ದಿನಗಳಲ್ಲಿ ಗುಂಡಿ, ದಾರ ತರಲು ಯಾದಗಿರಿಗೆ ಹೋದ ಚಾಚಾರ ಒಬ್ಬನೇ ಮಗ ತಿರುಗಿ ಬರಲಿಲ್ಲ. ಹೆಣವಿಲ್ಲ, ಸುದ್ದಿಯಿಲ್ಲ. ಸಕ್ಕರೆ ತಿಂದ ಬಾಯಲ್ಲಿ ಏನಂತ ಸಮಾಧಾನ ಹೇಳುವುದು? ಅವ್ವ ರೊಟ್ಟಿ, ಪಲ್ಯ ಕಟ್ಟಿಕೊಂಡು ಹೋಗಿ ಚಾಚಿಯ ಪಕ್ಕದಲ್ಲಿ ಸುಮ್ಮನೆ ಕೂತು ಬರುತ್ತಿದ್ದಳು. ಚಾಚಾ ಮಾತ್ರ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಯಾದಗಿರಿಯ ಬಸ್ಸು ಬರುವ ಹೊತ್ತಿಗೆ ಹೋಗಿ ನಿಲ್ಲುತ್ತಿದ್ದರು. ಇಳಿದವರ ಮುಖ ಒಂದೊಂದನ್ನೂ ನೋಡಿ ಮನೆಗೆ ಬರುತ್ತಿದ್ದರು.

ಶೇರ್ವಾನಿ ಹೊಲಿಸುವವರು ಊರು ಬಿಟ್ಟಿದ್ದರು. ಅಮೀನನೂ ಎತ್ತಲೋ ಓಡಿಹೋಗಿದ್ದ. ಅವನ ಮುದಿ ತಾಯಿಯೊಬ್ಬಳೇ ನಮ್ಮ ಹಿತ್ತಲ ಹಿಂದಿನ ಬಾಡಿಗೆ ಮನೆಯಲ್ಲಿ ಉಳಿದಿದ್ದಳು. ಒಂದು ಸಂಜೆ ಬಜಾರದಲ್ಲಿ ಜನ ಚಾಚಾರನ್ನು ಸುತ್ತುವರಿದು, “ಅಮೀನನ್ನ ಮಾಡಿ ತೋರಸ್ರಿ, ಈಗ್ಯಾರ ಹೆದರಿಕಿ?” ಎಂದು ಗಂಟುಬಿದ್ದರು.

“ಕುದುರಿ ಮ್ಯಾಲಿದ್ದಾಗ ಅವನ್ನ ನೋಡಿ ನಕ್ಕೇವ್ರಿ. ಈಗ ನೆಲಕ್ಕ ಬಿದ್ದಾನ. ಬಿದ್ದವರನ್ನ ನೋಡಿ ನಗೂದು ನನ್ನ ಕಸಬಲ್ಲ” ಎಂದರು ಚಾಚಾ. ಬೆತ್ತದ ಏಟು ತಿಂದ ಮನುಷ್ಯನ ಮಾತು ಇದು! ಅಂದಿನಿಂದ ಎಡಹುಬ್ಬು ಏಳಲಿಲ್ಲ. ಮದುವೆಗಳಿಗೆ ಕರೆಯುವುದನ್ನೂ ಜನ ಬಿಟ್ಟರು. ನನಗೆ ತಡೆಯದೆ, “ಕನ್ನಡದಾಗ ಬ್ಯಾರೇ ಏನಾರ ಮಾಡ್ರಿ” ಎಂದು ಒಮ್ಮೆ ಗದರಿದೆ.

“ಕನ್ನಡದಾಗ ಅಳಾಕ ಬರ್ತದ ಬೇಟಿ, ನಗಸಾಕ ಬರಂಗಿಲ್ಲ” ಎಂದು ಸೂಜಿಗೆ ದಾರ ಪೋಣಿಸುತ್ತ ಕೂತರು.

ನನ್ನನ್ನು ಕೊಟ್ಟಿದ್ದು ಹೊಳೆಯಾಚೆ, ಬಾಗಲಕೋಟೆಯ ಕಡೆಗೆ. ಬೀಗರಿಗೆ ಉರ್ದು ಒಂದಕ್ಷರ ತಿಳಿಯದು. ಹೊರಡುವ ಹೊತ್ತಿಗೆ ಅಪ್ಪ ತಾನೇ ಹೋಗಿ ಚಾಚಾರನ್ನು ಕರೆತಂದ. ಹಳೆಯ ಶೇರ್ವಾನಿ, ಕೊರಳಲ್ಲಿ ಅದೇ ಟೇಪು. ಕನ್ನಡದಲ್ಲಿ ಬೀಗರ ಊಟದ ಮೇಲೆ ಏನೋ ಎರಡು ಮಾತು ಆಡಿದರು. ಒಬ್ಬರೂ ನಗಲಿಲ್ಲ. “ಏನಂತಾನಿಂವ?” ಎಂದು ಗಂಡಿನ ಸೋದರಮಾವ ಆಕಳಿಸಿದ. ಯಾರೋ ಹಿಂದಿನಿಂದ, “ಅಮೀನನ್ನ ಮಾಡ್ರಿ ಚಾಚಾ!” ಎಂದು ಕೂಗಿದರು. ಹೆಂಗಸರ ನಡುವೆ ಅಮೀನನ ತಾಯಿ ಕೂತಿದ್ದಳು, ಅವ್ವನೇ ಕರೆದಿದ್ದಳು. ಆ ಮುದುಕಿ ಸೆರಗನ್ನು ಮುಖದ ಮೇಲೆಳೆದುಕೊಂಡಳು. ಚಾಚಾ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಮಾತು ನಿಲ್ಲಿಸಿ ಟೇಪು ಕೈಗೆ ತೆಗೆದುಕೊಂಡರು.

ಬರಿಯ ಅಭಿನಯ. ಬಸ್ಸು ಬಂದಂತೆ ಧೂಳಿಗೆ ಕಣ್ಣು ಮುಚ್ಚಿದರು. ಇಳಿದವನೊಬ್ಬನ ಹಿಂದೆ ಓಡಿ ಭುಜಕ್ಕೆ ಟೇಪು ಹಿಡಿದರು, ಅಳತೆ ಹೊಂದಲಿಲ್ಲವೆಂದು ತಲೆಯಾಡಿಸಿ ಸಲಾಮು ಹೊಡೆದರು. ಇನ್ನೊಬ್ಬನಿಗೆ ಹಿಡಿದು ಬೈಸಿಕೊಂಡರು. ಮತ್ತೊಬ್ಬ ಟೇಪನ್ನೇ ಸುತ್ತಿಕೊಂಡು ನಡೆದುಬಿಟ್ಟ, ಇವರು ಹಿಂದೆ ಹಿಂದೆ! ಗಿರಾಕಿ ಸಿಗದ ಹುಚ್ಚು ದರ್ಜಿ ಎಂದುಕೊಂಡು ಬೀಗರು ಬಿದ್ದು ಬಿದ್ದು ನಕ್ಕರು. ನಮ್ಮ ಊರಿನವರು ಯಾರೂ ನಗಲಿಲ್ಲ. ಅವ್ವ ಬಾಯಿಗೆ ಸೆರಗು ತುರುಕಿಕೊಂಡಳು. ಕೊನೆಗೆ ಚಾಚಾ ನನ್ನ ಮುಂದೆ ಬಂದು ನಿಂತು, “ಹೊಸಾದು ಬೇಟಿ. ನಗು, ಹೊತ್ತಾತು” ಎಂದರು. ಅವರು ಕೇಳಿದರೆಂದು ನಕ್ಕೆ. ನಗುತ್ತಲೇ ಹೊಸ್ತಿಲು ದಾಟಿದೆ, ಕೃಷ್ಣೆ ದಾಟುವವರೆಗೂ ಅತ್ತೆ.

ಚಾಚಾ ತೀರಿಕೊಂಡ ಸುದ್ದಿ ಮುಟ್ಟಿದಾಗ ನಾನು ಗಂಡನ ಮನೆಯಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ. ಅದಕ್ಕೆ ಕೆಲವೇ ದಿನ ಮುಂಚೆ ತವರಿಗೆ ಬಂದಾಗ ನೋಡಿದ್ದೇ ಕಡೆ. ಲಕವಾ ಹೊಡೆದು ಎಡಭಾಗ ಬಿದ್ದುಹೋಗಿತ್ತು, ಮಾತು ನಿಂತಿತ್ತು. ನಾನು ಹೊರಡಲು ಎದ್ದಾಗ ಸೊರಗಿದ ಬಲಗೈ ಮೇಲೆತ್ತಿದರು. ಬೆರಳಿನಿಂದ ಎಡಹುಬ್ಬನ್ನು ಮೆಲ್ಲಗೆ ಹಣೆಗೇರಿಸಿ ಹಿಡಿದರು.

“ಬಿದ್ದವರನ್ನ ನೋಡಿ ನಗಬಾರ್ದಂತ ನೀವೇ ಹೇಳೀರಿ ಚಾಚಾ” ಅಂದೆ.

ಬಾಗಿಲಲ್ಲಿ ನಿಂತಿದ್ದ ಚಾಚಿ, “ನಗವ್ವಾ, ನಿನ್ನ ಕಾಲಿಗಿ ಬೀಳ್ತೀನಿ. ನೀ ಬರ್ತೀ ಅಂತ ತಿಳಿದಾಗಿಂದ ಅದನ್ನ ಮಾಡಿ ನೋಡಾಕತ್ತಾರ” ಎಂದಳು.

ನಕ್ಕೆ. ಅವರ ಹೊಸ್ತಿಲನ್ನೂ ನಗುತ್ತಲೇ ದಾಟಿದೆ.